ಅರಸನ ಅಕ್ಕ, ನಮ್ಮ ಅಕ್ಕ

ರೋಮಿನ ಚರಿತ್ರೆಯನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದರ ಕೊನೆಗಾಲದ ಒಬ್ಬ ರಾಜಕುಮಾರಿಯ ಸಂಗತಿ ಬಂದಾಗಲೆಲ್ಲ ನನ್ನ ದನಿ ಏರುತ್ತದೆ. ಅವಳ ತಂದೆ ಸತ್ತಾಗ ತಮ್ಮ ಇನ್ನೂ ಹುಡುಗ, ಆದರೂ ಅವನೇ ಚಕ್ರವರ್ತಿ. ಈ ಅಕ್ಕ ಹದಿನೈದರ ಆಸುಪಾಸಿನಲ್ಲಿ ಮದುವೆಯೇ ಆಗುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದಳು. ಅರಮನೆಗೆ ಅಳಿಯನೆಂದು ಒಬ್ಬ ಬಂದರೆ ತಮ್ಮನ ಪಟ್ಟಕ್ಕೆ ಕುತ್ತು. ರಾಜ್ಯ ನಡೆಸಿದ್ದು ಅವಳು. ನಿಲುವಂಗಿ ಹೇಗೆ ಹಿಡಿಯಬೇಕು, ಎಲ್ಲಿ ನಗಬಾರದು ಎಂದು ತಮ್ಮನಿಗೆ ಕಲಿಸಿದ್ದೂ ಅವಳೇ. ಅವನಿಗೆ ಹೆಂಡತಿ ಬಂದಳು, ಕಿವಿ ಊದುವವರು ಬಂದರು, ಅಕ್ಕ ಅರಮನೆಯ ಹೊರಗಾದಳು. ತಮ್ಮ ಸತ್ತ ಮೇಲೂ ಸಿಂಹಾಸನ ಅವಳೊಬ್ಬಳಿಗೆ ದಕ್ಕಲಿಲ್ಲ. ಮುಟ್ಟಕೂಡದೆಂಬ ಕರಾರಿನ ಮೇಲೆ ಒಬ್ಬ ಮುದಿ ದಂಡಾಳನ್ನು ಹೆಸರಿಗೆ ಗಂಡನೆಂದು ಮಾಡಿಕೊಂಡು, ಕಿರೀಟವನ್ನು ಅವನ ತಲೆಗಿಡಬೇಕಾಯಿತು. ಪುಸ್ತಕಗಳು ಅವಳ ಭಕ್ತಿಯನ್ನು ಹೊಗಳಿ ಪುಟ ತಿರುವುತ್ತವೆ. ನನಗೆ ಮೈ ಉರಿಯುತ್ತದೆ.

ಉರಿಯುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಸಂಖದ ಹತ್ತಿರ ನಮ್ಮದು ಹನ್ನೊಂದು ಎಕರೆ ಹೊಲ. ಅವ್ವ ಮೊದಲೇ ಹೋಗಿದ್ದಳು. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ನನಗೆ ಹನ್ನೆರಡು, ತಮ್ಮನಿಗೆ ಏಳು. ಬಿಳೂರಿನಿಂದ ಅಕ್ಕನಿಗೆ ಬಂದಿದ್ದ ಸಂಬಂಧವನ್ನು ಕಾಕಂದಿರು ತಿರುಗಿಸಿ ಕಳಿಸಿದರು. ಅಳಿಯ ಬಂದು ಬದುವಿನ ಮೇಲೆ ನಿಂತರೆ ಗಂಡುಕೂಸಿನ ಗತಿ ಏನು ಎಂದರು. ನಮ್ಮ ಅಕ್ಕ ಆಣೆಗೀಣೆ ಏನೂ ಮಾಡಲಿಲ್ಲ. ಅವಳನ್ನು ಯಾರೂ ಕೇಳಲೇ ಇಲ್ಲ.

ಅವತ್ತಿನಿಂದ ಹೊಲ ಅವಳದಾಯಿತು, ಅಂದರೆ ಹೊಲದ ಕೆಲಸ. ಜೋಳ ಬಿತ್ತಿಸಿದಳು, ದಾಳಿಂಬೆ ಹಚ್ಚಿಸಿದಳು, ವ್ಯಾಪಾರಿಗಳೊಂದಿಗೆ ಮರಾಠಿಯಲ್ಲಿ ಜಗಳಾಡಿದಳು. ನನ್ನನ್ನು ಕಾಲೇಜಿಗೆ ಕಳಿಸಿದಳು. ಊರವರು ಅವಳಿಗೆ ಶರಣಿ ಎಂದು ಹೆಸರಿಟ್ಟು ಹಬ್ಬಕ್ಕೆ ಕಾಲು ಮುಟ್ಟತೊಡಗಿದರು. ಅಟ್ಟ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ. ಕಾಲು ಮುಟ್ಟಿದ ಅದೇ ಹೆಂಗಸರು ಉಡಿ ತುಂಬುವ ಹೊತ್ತಿಗೆ ಅವಳನ್ನು ದಾಟಿ ಪಕ್ಕದವಳ ಮುಂದೆ ಕೂಡುತ್ತಿದ್ದರು. ಗಂಡನಿಲ್ಲದವಳಿಗೆ ಎಂಥ ಉಡಿ? ಅಕ್ಕ ಎದ್ದು ಒಲೆಯ ಕಡೆ ಹೋಗುತ್ತಿದ್ದಳು.

ಹೋದ ವರ್ಷ ದಸರೆ ಮುಗಿದ ವಾರ ತಮ್ಮನ ಹೆಂಡತಿ ಅಕ್ಕನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ, ಮೇಲೊಂದು ಹೊಸ ಸೀರೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ರಜೆಗೆ ಊರಿಗೆ ಬಂದಿದ್ದ ನನಗೆ ಅದೇಕೆಂದು ಕೂಡಲೇ ತಿಳಿಯಿತು. ನಮ್ಮ ಕಡೆ ಹಕ್ಕಸೋಡ ಪತ್ರವೆಂದು ಒಂದಿದೆ. ಅಕ್ಕತಂಗಿಯರು ತವರಿನ ಹೊಲದ ಹಕ್ಕು ಬಿಟ್ಟುಕೊಡುವ ಕಾಗದ. ಅದಕ್ಕೆ ಮೊದಲು ಸೀರೆ ಉಡಿಸುವುದು ಪದ್ಧತಿ. ಒಂದು ಸೀರೆಗೆ ಎಕರೆಗಟ್ಟಲೆ ಹೊಲ, ಎಂಥ ಪ್ರೀತಿ! ಸಹಿ ಹಾಕಿದರೆ ತಾನೇ ಬೆಳೆಸಿದ ಹೊಲದಲ್ಲಿ, ತಾನೇ ಕಟ್ಟಿಸಿದ ಮನೆಯಲ್ಲಿ ಅಕ್ಕ ಇನ್ನೊಬ್ಬರ ಮರ್ಜಿಯ ಮೇಲೆ ಬದುಕಬೇಕು. ಸಹಿ ಹಾಕಬೇಡವೆಂದು ನಾನು ಎರಡು ದಿನ ಕೂಗಾಡಿದೆ. ಅವಳು ದಾಳಿಂಬೆ ಬಿಡಿಸುತ್ತ ಕೇಳಿಸಿಕೊಂಡಳು.

ಸೋಮವಾರ ಜತ್ತದ ನೋಂದಣಿ ಕಚೇರಿಗೆ ಮೂವರೂ ಹೋದೆವು. ಕಾಗದ ಬರೆಯುವವನು ಪತ್ರವನ್ನು ಸಿದ್ಧಮಾಡಿ ಇಟ್ಟಿದ್ದ. ಸ್ವಖುಷಿಯಿಂದ ಬಿಟ್ಟುಕೊಡುತ್ತೀರಾ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಅಕ್ಕ ಚಾಳೀಸು ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಲು ಶುರುಮಾಡಿದಳು. ಎಲ್ಲರದೂ ಹಾಗೇ ಇರುತ್ತದೆ, ಓದುವುದೇನಿದೆ ಎಂದು ತಮ್ಮ ಅವಸರ ಮಾಡಿದ. ಎರಡನೆಯ ಪುಟದಲ್ಲಿ ಬೆರಳು ನಿಂತಿತು.

“ಸಾಹೇಬ್ರ, ನನ್ನ ತಮ್ಮ ನನ್ನ ಲಗ್ನಾ ಮಾಡಿಕೊಟ್ಟಾನಂತ ಇದರಾಗ ಬರದದ. ಯಾರ ಜೋಡಿ ಮಾಡ್ಯಾನ, ಒಂದೀಟು ಕೇಳ್ರಿ.”

ಕಚೇರಿಯಲ್ಲಿ ಯಾರೂ ನಗಲಿಲ್ಲ. ಎಲ್ಲ ಹಕ್ಕಸೋಡ ಪತ್ರಗಳಲ್ಲೂ ಆ ಸಾಲಿರುತ್ತದೆ: ಅಣ್ಣತಮ್ಮಂದಿರು ಪ್ರೀತಿಯಿಂದ ಮದುವೆ ಮಾಡಿಕೊಟ್ಟಿದ್ದಾರೆ, ಆದ್ದರಿಂದ ಹಕ್ಕು ಬಿಡುತ್ತೇನೆ. ಬರೆಯುವವನು ಹಳೆಯ ಪತ್ರದಲ್ಲಿ ಹೆಸರು ಬದಲಿಸಿ ಮುಗಿಸಿದ್ದ. ತಮ್ಮನೂ ಓದಿರಲಿಲ್ಲ. ಅಕ್ಕನಿಗೆ ಮದುವೆಯಾಗಿಲ್ಲ ಎಂಬುದು ಅವರಿಬ್ಬರಿಗೂ ನೆನಪೇ ಆಗಿರಲಿಲ್ಲ! ಆ ಹೆಣ್ಣಿನ ಇಡೀ ಆಯುಷ್ಯ ಆ ಒಂದು ಸಾಲಿನಲ್ಲಿ ಅಳಿಸಿಹೋಗಿತ್ತು.

ಅದು ಬರೀ ನಮೂನೆ ಎಂದು ತಮ್ಮ ಹೇಳಿದ. ಚೀಲದಿಂದ ಇನ್ನೊಂದು ಕಾಗದ ತೆಗೆದು ಅವಳ ಮುಂದೆ ಇಟ್ಟ. “ನೋಡ, ಸಣ್ಣಕ್ಕನ ಪತ್ರದಾಗೂ ಇದ ಸಾಲ ಅದ. ಆಕಿ ಸುಮ್ಮ ಸಹಿ ಮಾಡಲಿಲ್ಲೇನು?”

ಸಣ್ಣಕ್ಕ ಅಂದರೆ ನಾನು. ಎರಡು ವರ್ಷದ ಹಿಂದೆ ಪಂಚಮಿಗೆ ಬಂದವಳು ಒಂದು ಇಳಕಲ್ ಸೀರೆ ಉಟ್ಟು, ಬಸ್ಸಿಗೆ ಹೊತ್ತಾಯಿತೆಂದು ಇದೇ ಕಚೇರಿಯಲ್ಲಿ ಗೀಚಿ ಹೋಗಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ನನ್ನ ಮದುವೆಯಾದಾಗ ತಮ್ಮನಿಗೆ ಹದಿನೇಳು. ಕುಣಿಕೋಣೂರಿಗೆ ನಾಲ್ಕು ಸಲ ಹೋಗಿ ಸಂಬಂಧ ಕುದುರಿಸಿದವಳು ಅಕ್ಕ. ಅಕ್ಕಿಕಾಳು ಬೀಳುವ ಹೊತ್ತಿಗೆ ಎದುರಿಗೆ ನಿಲ್ಲಬಾರದೆಂದು ಅಡುಗೆಯವರ ಹತ್ತಿರ ಹೋಗಿ ನಿಂತವಳೂ ಅವಳೇ. ತಮ್ಮ ಮಾಡಿಕೊಟ್ಟನೆಂದು ನಾನು ಸಹಿ ಹಾಕಿದ್ದೆ.

ಅಕ್ಕ ತನ್ನ ಕಾಗದವನ್ನು ತಮ್ಮನ ಕಡೆ ಸರಿಸಿದಳು. “ನಿನ್ನ ಸಲುವಾಗಿ ಲಗ್ನಾ ಮಾಡ್ಕೊಳ್ಳಿಲ್ಲ ಅಂತ ಬರಸು. ಆಮ್ಯಾಲ ಸಹಿ ಮಾಡ್ತೀನಿ.”

ಅವನು ಬರೆಸಲಿಲ್ಲ. ಹೇಗೆ ಬರೆಸುತ್ತಾನೆ? ಅವಳ ಹೆಸರು ಇವತ್ತಿಗೂ ಹೊಲದ ಪಹಣಿ ಉತಾರದಲ್ಲಿದೆ, ತಮ್ಮ ಅವಳೊಂದಿಗೆ ಮಾತಾಡುವುದಿಲ್ಲ.

ಅವತ್ತು ಕಚೇರಿಯ ಕಟ್ಟೆ ಇಳಿಯುವ ಮೊದಲು ಅಕ್ಕ ನನ್ನ ಪತ್ರವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು. ಮಡಚಿ ನನ್ನ ಕೈಗೆ ಕೊಟ್ಟಳು.

“ನಿನಗರ ಓದಾಕ ಬರತಿತ್ತಲ್ಲ” ಅಂದಳು.