ಅಟ್ಟದ ಕೊಬ್ಬರಿಯ ಸುದ್ದಿ ಮುಟ್ಟಿಸಿದ್ದು

ಸರ್ಕಾರದ ಯೋಜನೆಗಳನ್ನು ಜನರಿಗೆ ಅರ್ಥವಾಗುವಂತೆ ಹೇಳುವುದು ನನ್ನ ಕೆಲಸ. ಕಣಕಟ್ಟೆಯ ನಮ್ಮ ಸೋದರತ್ತೆಗೆ ಇದನ್ನು ವಿವರಿಸಲು ಹೋದಾಗ, "ಅಂದ್ರೆ ಟಾಂ ಟಾಂ ಹೊಡೆಯೋದಾ?" ಎಂದು ಕೇಳಿದರು. ಹೌದು ಎಂದೆ. ಬೆಂಗಳೂರಿನ ನನ್ನ ಮೇಲಧಿಕಾರಿ ಈ ಮಾತು ಕೇಳಿದ್ದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಅವರ ಬಾಯಲ್ಲಿ ಅದು ಸಾರ್ವಜನಿಕ ನೀತಿ ಸಂವಹನ.

ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ಸುದ್ದಿಯನ್ನು ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಮುಟ್ಟಿಸುವ ಗುತ್ತಿಗೆ ನಮ್ಮ ಸಂಸ್ಥೆಗೆ ಸಿಕ್ಕಿತ್ತು. ನಾನಿನ್ನೂ ತಾತ್ಕಾಲಿಕ ನೌಕರಳು. ಕಾಯಂ ಆಗುವುದು ಈ ಕೆಲಸದ ಮೇಲೆಯೇ ನಿಂತಿತ್ತು. ಬೆಂಗಳೂರಿನಿಂದ ಬಂದ ಥಳಥಳಿಸುವ ಪೋಸ್ಟರುಗಳನ್ನು ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿದೆವು. ಖರೀದಿ ಕೇಂದ್ರದಲ್ಲಿ ಹೆಸರು ಬರೆಸಲು ಮಾತ್ರ ನರಪಿಳ್ಳೆಯೂ ಬರಲಿಲ್ಲ.

ರೈತರಿಗೆ ಅರಿವಿನ ಕೊರತೆ ಎಂದು ಮೇಲಧಿಕಾರಿ ವರದಿ ಬರೆದರು. ನನಗೆ ಮೈಯೆಲ್ಲ ಉರಿಯಿತು. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಕೊಬ್ಬರಿ ಧಾರಣೆ ನೋಡುವವರಿಗೆ ಅರಿವಿನ ಕೊರತೆಯಂತೆ!

ತೆಂಗಿನ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪ ಕಣಕಟ್ಟೆಯ ಹೋಟೆಲಿನಲ್ಲಿ ಸಿಕ್ಕಿದರು. ಯಾಕೆ ಹೆಸರು ಬರೆಸಿಲ್ಲ ಎಂದು ಕೇಳಿದೆ. ಅವರು ಎದುರಿನ ಪೋಸ್ಟರ್ ತೋರಿಸಿದರು.

"ಅದು ನಮ್ಗಲ್ಲ ಕಣವ್ವ. ನೋಡು, ಕಾಯಿ ಒಡ್ದು ಬಿಸ್ಲಿಗೆ ಹಾಕವ್ರೆ. ಮಂಗ್ಳೂರು ಕಡೆಯೋರ್ಗಿರ್ಬೇಕು. ನಮ್ದು ಅಟ್ಟದ ಮ್ಯಾಲೈತೆ."

ನಮ್ಮ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗುಡುಗುಡು ಎನ್ನುವವರೆಗೆ ತಿಂಗಳುಗಟ್ಟಲೆ ಕಾದು ಇಡೀ ಉಂಡೆಯನ್ನೇ ತೆಗೆಯುತ್ತಾರೆ. ಸರ್ಕಾರ ಕೊಳ್ಳಲು ಹೊರಟದ್ದೂ ಅದೇ ಉಂಡೆ ಕೊಬ್ಬರಿಯನ್ನು. ಪೋಸ್ಟರಿನಲ್ಲಿ ಮಾತ್ರ ಎಣ್ಣೆಗೆ ಹೋಗುವ ಹೋಳು ಕೊಬ್ಬರಿ, ಚಾಪೆಯ ಮೇಲೆ ಬಿಸಿಲು ಕಾಯುತ್ತಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದೆ.

"ಅಪ್ರೂವ್ ಆಗಿರೋ ಪೋಸ್ಟರ್ ರೀ ಅದು. ಒಂದು ಚುಕ್ಕಿನೂ ಬದಲಾಯಿಸೋ ಹಾಗಿಲ್ಲ," ಎಂದರು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹೆಸರು ಬರೆಸುವ ಗಡುವು ಹತ್ತಿರವಾಗಿತ್ತು. ದೊಡ್ಡಪ್ಪನ ಕೈಗೆ ಒಂದು ಉಂಡೆ ಕೊಬ್ಬರಿ ಕೊಟ್ಟು, ಅವರದೇ ಅಟ್ಟದ ಕೆಳಗೆ ನಿಲ್ಲಿಸಿ ಫೋಟೊ ತೆಗೆದೆ. ನಾನೇ ಮಾತನಾಡಿ ರೆಕಾರ್ಡ್ ಮಾಡಿದೆ: "ಅಟ್ಟದ ಮ್ಯಾಲಿರೋ ಉಂಡೆ ಕೊಬ್ರಿನೇ ತಗತಾರೆ ಕಣ್ರಪ್ಪಾ. ಬೇಗ ಹೋಗಿ ಹೆಸ್ರು ಬರ್ಸಿ." ಫೋಟೊ ವಾಟ್ಸಾಪಿನಲ್ಲಿ ಓಡಿತು. ದನಿ ಮೈಕ್ ಕಟ್ಟಿದ ಆಟೋದಲ್ಲಿ ಬಾಣಾವರದವರೆಗೂ ಹೋಯಿತು. ಆ ವಾರವೇ ಖರೀದಿ ಕೇಂದ್ರದ ಮುಂದೆ ಜನ ಸಾಲುಗಟ್ಟಿದರು.

ಬೆಂಗಳೂರಿನಲ್ಲಿ ಸಭೆ ನಡೆಯಿತು. ಆ ಸಾಲಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಇದು ನಮ್ಮ ಪೋಸ್ಟರಿನ ಯಶಸ್ಸು ಎಂದರು ಮೇಲಧಿಕಾರಿ. ಚಪ್ಪಾಳೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಕೇಳದೆ ಪ್ರಚಾರ ಮಾಡಿದ್ದೀರಿ. ಅದೂ ಎಂಥ ಭಾಷೆ! ಒಂದು ಕ್ಷಮಾಪಣೆ ಬರೆದುಕೊಡಿ, ಕಾಯಂ ಮಾಡೋಣ."

"ಬರೆಯಲ್ಲ ಸಾರ್. ಆ ಜನ ಬಂದಿದ್ದು ಆ ಭಾಷೆ ಕೇಳಿ."

"ಈ ಫೀಲ್ಡಲ್ಲಿ ನಿಮಗೆ ಭವಿಷ್ಯ ಇಲ್ಲ."

ಅರಸೀಕೆರೆಗೆ ವಾಪಸು ಬರುವ ರೈಲಿನಲ್ಲಿ ಅತ್ತುಬಿಟ್ಟೆ. ಕೆಲಸ ಹೋಯಿತೆಂದಲ್ಲ, ಆ ಚಪ್ಪಾಳೆಯ ಮೇಲಿನ ಸಿಟ್ಟಿಗೆ.

ಈಗ ನನ್ನದೇ ಪುಟ್ಟ ಕಚೇರಿಯಿದೆ, ಅರಸೀಕೆರೆಯಲ್ಲೇ. ಮೊನ್ನೆ ಬೆಂಗಳೂರಿನ ಇನ್ನೊಂದು ಸಂಸ್ಥೆಯವರು ಫೋನ್ ಮಾಡಿ, ಒಂದು ಯೋಜನೆಗೆ ಪ್ರಚಾರ ಮಾಡಿಕೊಡಿ ಎಂದರು. ಒಪ್ಪಿದೆ.

"ಮೊದಲು ನಮಗೆ ಕಳಿಸಿ ಮೇಡಂ. ನಾವು ಓಕೆ ಮಾಡಿದ ಮೇಲೆ ಜನರಿಗೆ," ಎಂದರು.

"ಇಲ್ಲ," ಎಂದೆ. "ಮೊದಲು ಕಣಕಟ್ಟೆಯೋರು ಕೇಳ್ತಾರೆ. ಅವರು ಓಕೆ ಅಂದ್ರೆ ನಿಮಗೆ ಕಳಿಸ್ತೀನಿ."