ಒಂಬತ್ತನೇ ರೀಲು

೧೯೭೪ರಲ್ಲಿ ನಾನು ಸವದತ್ತಿಯ ಒಂದು ಚಿತ್ರಮಂದಿರದಲ್ಲಿ ಎರಡನೇ ಆಪರೇಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಆಪರೇಟರ್ ಎಂದರೆ ಪ್ರೊಜೆಕ್ಟರ್ ಓಡಿಸುವವನು. ಜನ ಪರದೆ ನೋಡುತ್ತಾರೆ, ನಾವು ಯಂತ್ರ ನೋಡುತ್ತೇವೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕು ಆರದಂತೆ ಕಾಯಬೇಕು. ಹತ್ತು ಹನ್ನೊಂದು ನಿಮಿಷಕ್ಕೆ ಒಂದು ರೀಲು ಮುಗಿಯುತ್ತದೆ. ಆಗ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ, ಅದೇ ಕ್ಷಣಕ್ಕೆ ಎರಡನೇ ಯಂತ್ರಕ್ಕೆ ಬದಲಾಯಿಸಬೇಕು. ತಪ್ಪಿದರೆ ಕೆಳಗಿನಿಂದ ಸೀಟಿ, ಬೈಗುಳ, ಒಮ್ಮೊಮ್ಮೆ ಚಪ್ಪಲಿ.

ಇದೆಲ್ಲ ನನಗೆ ಕಲಿಸಿದವರು ಹೆಡ್ ಆಪರೇಟರ್ ಶಿವಲಿಂಗಣ್ಣ. ಹರಿದ ಫಿಲ್ಮು ಜೋಡಿಸುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿ ಯಾರೂ ಇರಲಿಲ್ಲ. ಬ್ಲೇಡಿನಿಂದ ಅಂಚು ಕೆರೆದು, ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿದರೆ ಮುಗಿಯಿತು. ನಾನು ಜೋಡಿಸಿದ ಜಾಗದಲ್ಲಿ ಚಿತ್ರ ಕುಪ್ಪಳಿಸುತ್ತಿತ್ತು, ಅವರು ಜೋಡಿಸಿದರೆ ಅಲುಗುತ್ತಿರಲಿಲ್ಲ. ಹೆತ್ತ ಅಪ್ಪನಿಗಿಂತ ಹೆಚ್ಚಾಗಿ ನಾನು ಅವರನ್ನು ನಂಬಿದ್ದೆ.

ಆ ವರ್ಷ ಬೈಲಹೊಂಗಲದ ಹೈಸ್ಕೂಲಿನ ವಿಜ್ಞಾನ ಶಿಕ್ಷಕ ವಾಮನರಾವ ಮಾಸ್ತರರು ತಾವೇ ತೆಗೆದ ಸಿನಿಮಾವನ್ನು ಟ್ರಂಕಿನಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದಿಳಿದರು. ಕಪ್ಪುಬಿಳುಪು, ಒಂಬತ್ತು ರೀಲು, ಹೆಸರು ‘ನಾಡಿದ್ದಿನ ವಾರ್ತೆಗಳು’. ನಾಲ್ಕು ಬೇಸಿಗೆ ರಜೆಗಳಲ್ಲಿ ಹತ್ತಿರದ ಚಚಡಿ ಊರಿನ ದೇಸಾಯರ ವಾಡೆಯಲ್ಲಿ ಚಿತ್ರೀಕರಣ ಮಾಡಿದ್ದರು. ಪ್ರಿಂಟು ಇದ್ದದ್ದು ಅದೊಂದೇ. ನಮ್ಮ ಮಾಲಕರು ಅವರ ಹಳೆಯ ವಿದ್ಯಾರ್ಥಿ. ಆ ದಾಕ್ಷಿಣ್ಯಕ್ಕೆ ಮೂರು ದಿನ ಮಧ್ಯಾಹ್ನದ ಆಟ ಕೊಟ್ಟಿದ್ದರು. ಮೂರನೇ ದಿನ ಹುಬ್ಬಳ್ಳಿಯಿಂದ ಒಬ್ಬ ಹಂಚಿಕೆದಾರರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಚಿತ್ರ ಊರೂರಿಗೆ ಹೋಗುತ್ತದೆ, ಇಲ್ಲದಿದ್ದರೆ ಟ್ರಂಕಿನಲ್ಲೇ ಉಳಿಯುತ್ತದೆ.

ಮಾಸ್ತರರು ಒಂಬತ್ತನೇ ಡಬ್ಬಿಯನ್ನು ಬೇರೆಯಾಗಿ ತೆಗೆದು ನನ್ನ ಕೈಗಿಟ್ಟರು. “ಪರಸಪ್ಪ, ಉಳಿದದ್ದು ಹ್ಯಾಂಗರ ಆಗಲಿ, ಇದನ್ನ ಮಾತ್ರ ಜ್ವಾಕಿ ಮಾಡು. ನಾ ಹೇಳಬೇಕಂದದ್ದೆಲ್ಲಾ ಇದರಾಗ ಐತಿ.”

“ನಾ ಅದೀನ್ರಿ ಮಾಸ್ತರ, ಕಾಳಜಿ ಬಿಡ್ರಿ” ಎಂದೆ. ಹೇಳುವುದೇನು ಸುಲಭ!

ವಿಜ್ಞಾನದ ಕಥೆಯೆಂದರೆ ರಾಕೆಟ್ಟು, ಚಂದ್ರಲೋಕ ಇರಬೇಕು ಎಂದುಕೊಂಡಿದ್ದೆ. ಇದರಲ್ಲಿ ಇದ್ದದ್ದು ಪಂಚಾಯಿತಿಯ ಒಂದು ರೇಡಿಯೋ, ಅಷ್ಟೇ. ಸಿಡಿಲು ಬಡಿದ ಮೇಲೆ ಅದರಲ್ಲಿ ಐವತ್ತು ವರ್ಷ ಮುಂದಿನ ವಾರ್ತೆ ಕೇಳತೊಡಗುತ್ತದೆ. ಊರವರು ಮೊದಲು ಹತ್ತಿಯ ದರ ಕೇಳಲು ಮುಗಿಬೀಳುತ್ತಾರೆ, ಆಮೇಲೆ ಮಳೆಯ ಸುದ್ದಿಗೆ ಜಗಳವಾಡುತ್ತಾರೆ. ಒಂದು ದಿನ ವಾರ್ತೆಯವನು ಆ ಭಾಗದ ಊರುಗಳನ್ನೆಲ್ಲ ಓದುತ್ತಾನೆ, ಅದರಲ್ಲಿ ಇವರ ಊರೇ ಇಲ್ಲ. ಜನ ಹೆದರಿ ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಅಲ್ಲಿಗೆ ಎಂಟನೇ ರೀಲು ಮುಗಿಯುತ್ತದೆ.

ಒಂಬತ್ತರಲ್ಲಿ ಇರುವುದು ಒಬ್ಬಳೇ ಮುದುಕಿ. ಖಾಲಿ ಊರಿನಲ್ಲಿ ಕಸ ಹೊಡೆಯುತ್ತಾಳೆ, ದೀಪ ಹಚ್ಚುತ್ತಾಳೆ, ಬಂದು ರೇಡಿಯೋ ಮುಂದೆ ಕೂರುತ್ತಾಳೆ. ಇಷ್ಟು ದಿನ ಎಲ್ಲರೂ ಅದರ ಮಾತು ಕೇಳಿದರೇ ಹೊರತು ಯಾರೂ ಅದರ ಜೊತೆ ಮಾತಾಡಿರಲಿಲ್ಲ. ಅವಳು ಕೇಳುತ್ತಾಳೆ, “ಯಪ್ಪಾ, ನಾವಿಲ್ಲೇ ಅದೀವಿ. ನಿನಗ ಕೇಳಸ್ತೈತೇನು?” ವಾರ್ತೆ ಓದುತ್ತಿದ್ದ ದನಿ ತಟ್ಟನೆ ನಿಲ್ಲುತ್ತದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ಕಡೆಯಿಂದ ಒಂದು ಸಣ್ಣ ಕೆಮ್ಮು. ಮಾತಲ್ಲ, ಗಂಟಲು ಕಟ್ಟಿದವನ ಕೆಮ್ಮು. ಮುಕ್ತಾಯ.

ಮೊದಲ ದಿನ ಕಿಂಡಿಯಿಂದ ಅದನ್ನು ನೋಡುತ್ತ ನಾನು ಕಾರ್ಬನ್ ಸರಿಸುವುದನ್ನೇ ಮರೆತೆ. ಬೆಳಕು ಮಂಕಾಯಿತು. ಶಿವಲಿಂಗಣ್ಣ ಓಡಿಬಂದು ತಲೆಗೊಂದು ಬಿಟ್ಟು, ಕಡ್ಡಿ ಸರಿಮಾಡಿ, ಪರದೆಯತ್ತ ಕಣ್ಣು ಸಹ ಹಾಯಿಸದೆ ಹೋದರು. ಕೆಳಗೆ ಐವತ್ತು ಅರವತ್ತು ಜನರಿದ್ದರು. ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ಸವದತ್ತಿಗೆ ಬಂದವರೂ ಅವರಲ್ಲಿದ್ದರು. ದೀಪ ಹತ್ತಿದ ಮೇಲೂ ಅವರು ಕೂತೇ ಇದ್ದರು.

ಮೂರನೇ ದಿನ ಹುಣ್ಣಿಮೆ. ಗುಡ್ಡದ ದೇವಿಯ ದರ್ಶನಕ್ಕೆ ಬಂದವರಿಂದ ಪೇಟೆ ತುಂಬಿತ್ತು. ಆಟ ಶುರುವಾಗುವ ಮುಂಚೆ ಶಿವಲಿಂಗಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟರು. “ಲೇ ಪರಸ್ಯಾ, ಈ ಪಿಕ್ಚರ್ ನಿನ್ನ ಜೀವಕ್ಕ ಹತ್ತೈತಿ. ಇವತ್ತೊಂದಿನ ಕೆಳಗ ಮಾಸ್ತರ ಬಾಜೂಕ ಕುಂತು ಮಂದಿಯಂಗ ನೋಡು. ನಾ ಓಡಸ್ತೇನಿ.” ಆರು ವರ್ಷದಲ್ಲಿ ಅಂಥ ಮಾತನ್ನು ಅವರು ಎಂದೂ ಆಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಒಂಬತ್ತನೇ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಇಳಿದೆ.

ಮಾಸ್ತರರ ಎಡಕ್ಕೆ ನಾನು, ಬಲಕ್ಕೆ ಹುಬ್ಬಳ್ಳಿಯವರು. ಎಂಟನೇ ರೀಲಿನ ಕೊನೆ ಬಂತು. ಜನ ಊರು ಬಿಟ್ಟು ಹೋದರು, ಹಾದಿಯ ಧೂಳು ಕೂತಿತು. ನಾನು ಚುಕ್ಕೆಗಾಗಿ ಕಾಯುತ್ತಿದ್ದೆ. ಚುಕ್ಕೆ ಬರಲಿಲ್ಲ. ‘ಮುಕ್ತಾಯ’ ಬಂತು, ದೀಪ ಹತ್ತಿತು.

ಒಂಬತ್ತನೇ ರೀಲಿನ ತುದಿಯಿಂದ ಆ ಅಕ್ಷರಗಳನ್ನು ಕತ್ತರಿಸಿ, ಎಂಟನೆಯದರ ಚುಕ್ಕೆಯಿದ್ದ ತುದಿ ತೆಗೆದು ಅಲ್ಲಿಗೆ ಜೋಡಿಸಲಾಗಿತ್ತು. ಜೋಡಣೆ ಒಂದಿಷ್ಟೂ ಅಲುಗಿರಲಿಲ್ಲ. ಅದು ಯಾರ ಕೈ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. “ನಮ್ಮೂರು ಮುಳುಗಿದ್ದು ಸಾಲಲಿಲ್ಲೇನ್ರಿ? ಕರದು ಕುಂಡ್ರಿಸಿ ಮತ್ತ ಅದನ್ನ ತೋರಸ್ತೀರಿ?” ಆ ಮಾತು ಮಾಸ್ತರರಿಗೆ ನೇರವಾಗಿ ತಾಕಿತು. ಅವರು ಹುಬ್ಬಳ್ಳಿಯವರ ಕಡೆ ತಿರುಗಿ, “ಇನ್ನೊಂದು ರೀಲು ಐತ್ರಿ, ಹನ್ನೊಂದು ನಿಮಿಷ ಕುಂದರ್ರಿ” ಎಂದು ಅಂಗಲಾಚಿದರು. ಹುಬ್ಬಳ್ಳಿಯವರು ಟೋಪಿ ಹಾಕಿಕೊಂಡು, “ಇದ್ದಿದ್ರ ತೋರಸ್ತಿದ್ರಲ್ಲರಿ?” ಎಂದು ನಕ್ಕು ಬಸ್ಸಿಗೆ ನಡೆದರು. ಅಷ್ಟರಲ್ಲಿ ಬಾಗಿಲು ತೆರೆದು ಭಕ್ತಿ ಚಿತ್ರದ ಹೆಚ್ಚುವರಿ ಆಟಕ್ಕೆ ಜನ ನುಗ್ಗತೊಡಗಿದ್ದರು.

ಮಾಸ್ತರರು ನನ್ನನ್ನು ನೋಡಿದರು. “ಡಬ್ಬಿ ನಿನ್ನ ಕೈಯಾಗ ಕೊಟ್ಟಿದ್ದೆ, ಪರಸಪ್ಪ.”

ಗುರುವಿನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಲಾಗಲಿಲ್ಲ. ನನ್ನ ಮೌನವನ್ನು ಅವರು ತಪ್ಪೊಪ್ಪಿಗೆಯೆಂದೇ ತಿಳಿದರು.

ಮೇಲೆ ಹೋದೆ. ಶಿವಲಿಂಗಣ್ಣ ಭಕ್ತಿ ಚಿತ್ರದ ಮೊದಲ ರೀಲನ್ನು ಏರಿಸುತ್ತಿದ್ದರು. “ಹಾಲ್ ಕಾಲು ತಾಸು ಮೊದಲ ಖಾಲಿ ಮಾಡಂದ್ರು ಮಾಲಕರು. ನೀ ಇಲ್ಲಿದ್ರ ಬಿಡತಿದ್ದಿಲ್ಲ, ಅದಕ್ಕ ಕೆಳಗ ಕಳಿಸಿದೆ. ಒಂದು ರೀಲಿಗೆ ಹಿಂಗ್ಯಾಕ ಮಾರಿ ಮಾಡ್ತೀ? ಕಥಿ ತಿಳೀಲಿಲ್ಲೇನು ಮಂದಿಗೆ?”

ಕತ್ತರಿಸಿದ್ದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಹೆಗಲ ಮೇಲಿನ ಆ ಕೈ. ಬೈದು ಕಳಿಸಿದ್ದರೆ ಸಹಿಸುತ್ತಿದ್ದೆ, ಅವರು ಪ್ರೀತಿ ತೋರಿಸಿ ಕಳಿಸಿದ್ದರು. ನಂಬಿದವರ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದು ಇಷ್ಟು ಮೆತ್ತಗೆ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಟ್ರಂಕನ್ನು ಬಸ್ ನಿಲ್ದಾಣದವರೆಗೆ ನಾನೇ ಹೊತ್ತೆ. ಆ ಚಿತ್ರ ಮತ್ತೆಲ್ಲೂ ತೆರೆ ಕಂಡದ್ದನ್ನು ನಾನು ಕೇಳಿಲ್ಲ.

ಮುಂದಿನ ತಿಂಗಳು ನಾನು ರಾಮದುರ್ಗದ ಚಿತ್ರಮಂದಿರಕ್ಕೆ ಹೋಗಿಬಿಟ್ಟೆ. ಐದು ವರ್ಷದ ನಂತರ ಶಿವಲಿಂಗಣ್ಣನಿಗೆ ಕಣ್ಣು ಹೋಗಿದೆಯೆಂದು ತಿಳಿದು ನೋಡಲು ಬಂದೆ. ಕಾರ್ಬನ್ ಬೆಳಕೇ ತಿಂದುಹಾಕಿತು ಎನ್ನುತ್ತಿದ್ದರು. ದನಿಯಿಂದಲೇ ನನ್ನ ಗುರುತು ಹಿಡಿದು ಕೈ ಚಾಚಿದರು. ಚಹಾ ಆಯಿತು. ಏಳುವ ಹೊತ್ತಿಗೆ ಕೇಳಿದರು.

“ಪರಸ್ಯಾ, ಆ ಮಾಸ್ತರನ ಕೊನಿ ರೀಲಿನ್ಯಾಗ ಏನಿತ್ತಲೇ?”

ಅವರು ಅದನ್ನು ನೋಡಿಯೇ ಇರಲಿಲ್ಲ. ಏನನ್ನು ಕತ್ತರಿಸಿದೆನೆಂದು ತಿಳಿಯದೆ ಕತ್ತರಿಸಿದ್ದರು.

“ಅದು ನೋಡೂದಿತ್ತು ಅಣ್ಣಾ, ಹೇಳಾಕ ಬರೂದಿಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡೆ.

ಆಮೇಲೆ ಮೂವತ್ತು ವರ್ಷ ಯಂತ್ರ ಓಡಿಸಿದೆ. ನಾಲ್ಕೇ ಜನ ಕೂತಿದ್ದ ಆಟಗಳಿದ್ದವು, ಮಾಲಕರ ಬೈಗುಳವಿತ್ತು, ಒಂದೆರಡು ಕಡೆ ಕೆಲಸವೂ ಹೋಯಿತು. ಒಂದು ರೀಲನ್ನೂ ಬಿಡಲಿಲ್ಲ. ಯಾರ ಜೀವ ಯಾವ ರೀಲಿನಲ್ಲಿದೆಯೆಂದು ಆಪರೇಟರನಿಗೆ ತಿಳಿದಿರುವುದಿಲ್ಲ, ಆದ್ದರಿಂದ ಯಾವುದನ್ನೂ ಬಿಡಬಾರದು. ಈ ಪಾಠವನ್ನು ಕಲಿಸಿದವರೂ ಶಿವಲಿಂಗಣ್ಣನೇ. ಅದಕ್ಕಾಗಿ ಅವರನ್ನು ಕ್ಷಮಿಸಿದ್ದೀರಾ ಎಂದು ನನ್ನ ಮಗಳು ಒಮ್ಮೆ ಕೇಳಿದ್ದಳು. ಇಲ್ಲ ಎಂದೆ.