ದೋಟಿ ತಾಗದ ಹಣ್ಣು

ಕಬಕದ ಆದಂ ಕುಂಞಿ ಹೋದ ತಿಂಗಳು ತೀರಿಕೊಂಡ. ಹದಿಮೂರು ವರ್ಷ ಒಂದು ಹಣ್ಣಿಗಾಗಿ ಕಾದ ಮನುಷ್ಯ.

ಪೆನಾಂಗಿನ ಚಾ ಅಂಗಡಿಯಲ್ಲಿ ದುಡಿದು ೧೯೫೩ರಲ್ಲಿ ಊರಿಗೆ ಮರಳಿದಾಗ ಅವನು ಎದೆಗವಚಿಕೊಂಡು ತಂದದ್ದು ಹಾಲಿನ ಪುಡಿಯ ಡಬ್ಬಿಯಲ್ಲಿದ್ದ ಗೇಣುದ್ದದ ದುರಿಯನ್ ಸಸಿ.

"ಹೊರಗೆ ಹಲಸಿನ ಹಾಗೆ ಮುಳ್ಳು, ಒಳಗೆ ಬೆಣ್ಣೆ," ಎಂದ.

"ಹಲಸು ಇಲ್ಲಿ ದನಕ್ಕೂ ಬೇಡದಷ್ಟು ಉಂಟು. ಇನ್ನೊಂದು ಮುಳ್ಳಿನ ಹಣ್ಣಿಗೆ ಸಮುದ್ರ ದಾಟ್ಬೇಕಿತ್ತಾ? ತಿಂದ ಮೇಲೆ ನಂಬುದು ನಾನು," ಎಂದಳು ಹೆಂಡತಿ ಆಸ್ಯಮ್ಮ.

ಆ ಮಾತು ಅವನಿಗೆ ನಾಟಿತು. ತನ್ನ ಅಂಗಳ ಬೇರಿಳಿಯದ ಬರೀ ಮುರಕಲ್ಲು. ಮರ್ಕಂಜದ ಗೆಳೆಯ ಬೆಳ್ಯಪ್ಪನ ಜಾಗದಲ್ಲಿ, ನೀರು ಹರಿಯುವ ತೋಡಿನ ಬದಿಗೆ ಸಸಿ ನೆಟ್ಟ. ಕರಿಮೆಣಸು ಕೊಳ್ಳುವ ನೆಪದಲ್ಲಿ ತಿಂಗಳಿಗೊಮ್ಮೆ ಹೋಗಿ ಅದನ್ನು ಮಾತಾಡಿಸಿ ಬರುತ್ತಿದ್ದ.

೧೯೬೬ರ ಮಾರ್ಚಿನಲ್ಲಿ ಮರ ಹೂಬಿಟ್ಟಿತು. ನಿಂತದ್ದು ಎರಡೇ ಕಾಯಿ.

"ಯಾವಾಗ ಹಣ್ಣಾಗುದು ಮಾರಾಯ?" ಬೆಳ್ಯಪ್ಪ ಕೇಳಿದ.

"ಸಯಾಮಿನಲ್ಲಿ ಮೇ. ಪೆನಾಂಗಿನಲ್ಲಿ ಜೂನ್, ಜುಲಾಯಿ. ಸಿಲೋನಿನಲ್ಲಿ ಇನ್ನೂ ತಡ ಅಂತ ಹಡಗಿನವರು ಹೇಳ್ತಿದ್ರು."

"ಮರ್ಕಂಜದಲ್ಲಿ?"

ಅದು ಯಾರಿಗೂ ಗೊತ್ತಿರಲಿಲ್ಲ. ಮೇ ಕಳೆಯಿತು, ಜೂನ್ ಕಳೆಯಿತು. ಆದಂ ಕುಂಞಿ ವಾರಕ್ಕೆರಡು ಸಲ ಬಸ್ಸು ಹತ್ತತೊಡಗಿದ.

ಜುಲಾಯಿಯ ಒಂದು ದಿನ ಬೆಳ್ಯಪ್ಪನ ಹೆಂಡತಿ ದಮಯಂತಿ ನಗುತ್ತ ಅವನನ್ನು ಅಟ್ಟಕ್ಕೆ ಕರೆದಳು. ಬೈಹುಲ್ಲಿನೊಳಗೆ ಒಂದು ಕಾಯಿ! ಹಲಸನ್ನು ಬೆರಳಿನಿಂದ ಬಡಿದು, ಸದ್ದು ಕೇಳಿಯೇ ಬಲಿತದ್ದನ್ನು ಹೇಳುವುದರಲ್ಲಿ ಅವಳು ಹೆಸರುವಾಸಿ. ಇದನ್ನೂ ಹಾಗೆಯೇ ಬಡಿದು ನೋಡಿ, ಕೊಕ್ಕೆ ಕಟ್ಟಿದ ಉದ್ದ ಕೋಲಿನ ದೋಟಿಯಿಂದ ಕೊಯ್ದು, ಹಣ್ಣಾಗಲೆಂದು ಇಟ್ಟಿದ್ದಳು.

"ಅಯ್ಯೋ ದಮಯಂತಕ್ಕ, ಇದನ್ನು ಕೊಯ್ಲಿಕ್ಕಿಲ್ಲ. ಇದು ತಾನಾಗಿ ಬೀಳ್ಬೇಕು!"

ವಾರ ಬಿಟ್ಟು ಸೀಳಿದರೆ ತೊಳೆ ಮರದ ತುಂಡಿನಂತಿತ್ತು. ದಮಯಂತಿ ಅಂದು ಊಟ ಮಾಡಲಿಲ್ಲ. ಉಳಿದದ್ದು ಒಂದೇ ಕಾಯಿ. ಮರುದಿನ ಅವಳೇ ಮರದಡಿ ದಪ್ಪಕ್ಕೆ ತರಗೆಲೆ ಹರಡಿದಳು, ದೋಟಿಯನ್ನು ನೆರೆಮನೆಗೆ ಕೊಟ್ಟುಬಿಟ್ಟಳು.

ಆಗಸ್ಟಿನ ಮೊದಲ ವಾರ, ಆಟಿ ತಿಂಗಳ ಇಪ್ಪತ್ತನೇ ದಿನ. ಮಳೆ ಬಿಟ್ಟು ಬಿಸಿಲು ಮೂಡಿತ್ತು. ಮೂವರೂ ಜಗಲಿಯಲ್ಲಿ ಗಂಜಿಗೆ ಕೂತಿದ್ದರು. ಧೊಪ್!

ಆದಂ ಕುಂಞಿ ಕೈ ತೊಳೆಯದೆ ಓಡಿದ. ತರಗೆಲೆಯ ಮೇಲೆ, ತುದಿ ತುಸು ಬಿರಿದು, ಹಣ್ಣು ಮಲಗಿತ್ತು.

"ಎಂತ ನಾತ ಇದು! ಹೆಗ್ಗಣ ಸತ್ತಿದೆಯಾ?" ದಮಯಂತಿ ಮೂಗು ಮುಚ್ಚಿದಳು.

"ಅದೇ! ಅದೇ ವಾಸನೆ!" ಅವನು ಕುಣಿದೇಬಿಟ್ಟ.

ಅಲ್ಲಿ ಒಡೆಯಲಿಲ್ಲ. ಮೊದಲ ತೊಳೆ ಯಾರದೆಂದು ಅವನು ಹದಿಮೂರು ವರ್ಷದ ಹಿಂದೆಯೇ ನಿಶ್ಚಯಿಸಿದ್ದ. ಹಣ್ಣನ್ನು ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದ. ಸುಳ್ಯ ದಾಟುವುದರೊಳಗೆ ಬಸ್ಸಿಡೀ ಗದ್ದಲ.

"ಬ್ಯಾರಿಗಳೇ, ಅದು ಎಂತದ್ದೇ ಇರ್ಲಿ, ಮೇಲೆ ಹಾಕಿ," ಎಂದ ಕಂಡಕ್ಟರ್.

"ಅದು ಮೇಲೆ ಹೋದ್ರೆ ನಾನೂ ಮೇಲೆಯೇ."

ಪುತ್ತೂರಿನವರೆಗೂ ಬಸ್ಸಿನ ಮಾಡಿನ ಮೇಲೆ, ಹಣ್ಣನ್ನು ತೊಡೆಯಲ್ಲಿಟ್ಟುಕೊಂಡು, ಮತ್ತೆ ಸುರಿಯತೊಡಗಿದ ಮಳೆಯಲ್ಲಿ ರಾಜನಂತೆ ಬಂದ. ಅಲ್ಲಿಂದ ಕಬಕಕ್ಕೆ ನಡೆದ.

ಆಸ್ಯಮ್ಮ ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಒಂದು ತೊಳೆ ಬಾಯಿಗಿಟ್ಟಳು. ಅವನು ಎದುರಿಗೇ ನಿಂತಿದ್ದ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನಿಧಾನಕ್ಕೆ ಚೀಪಿದಳು. ಬೀಜವನ್ನು ಅಂಗೈಗೆ ಉಗಿದು ನೋಡಿದಳು. ಮೂಗಿನ ಮೇಲಿದ್ದ ವಸ್ತ್ರ ಯಾವಾಗ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಇನ್ನೊಂದು ತೊಳೆಗೆ ಕೈ ಚಾಚಿದಳು.